ತನ್ನ ಪೇಪರು ತಾನೇ ತಿದ್ದಿದ ಮಾಸ್ತರು

ಧಾರವಾಡದ ಲೆಕ್ಕದ ಮಾಸ್ತರೊಬ್ಬರು ಗಾಲ್ಫ್ ಆಡುತ್ತಾರೆ ಅಂದರೆ ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ‘ಎಲ್ಲಿ ಆಡ್ತಾರ?’ ಎನ್ನುತ್ತಿದ್ದರು. ನಗುವಿಗೆ ಉತ್ತರ ಬೇಕಿಲ್ಲ, ಪ್ರಶ್ನೆಗೆ ಬೇಕು. 18 ಕುಳಿಗಳ ಪೂರ್ತಿ ಮೈದಾನಕ್ಕೆ 120ರಿಂದ 150 ಎಕರೆ ಜಾಗ ಬೇಕು. ಅಷ್ಟು ನೆಲ ಒಂದೇ ಕಡೆ ಸಿಕ್ಕರೆ ನಮ್ಮ ಕಡೆಯವರು ಎನ್‌ಎ ಮಾಡಿಸಿ ಪ್ಲಾಟು ಹಾಕುತ್ತಾರೆಯೇ ಹೊರತು, ತುಂಬ ಹುಲ್ಲು ಬೆಳೆಸಿ ನಡುನಡುವೆ ತೂತು ತೋಡಿ ಬಿಡುವುದಿಲ್ಲ. ಮಾಸ್ತರು ಹುಟ್ಟಿ ಬೆಳೆದದ್ದು ಬೆಳಗಾವಿಯ ಕ್ಯಾಂಪಿನಲ್ಲಿ. ಹುಡುಗನಿದ್ದಾಗ ಮಿಲಿಟರಿ ಸಾಹೇಬರ ಚೀಲ ಹೊತ್ತು ಕ್ಯಾಡಿ ಕೆಲಸ ಮಾಡಿದವರು. ಸಾಹೇಬರು ಚಹಾಕ್ಕೆ ಕೂತಾಗ ಆ ಚೀಲದ ಕೋಲುಗಳನ್ನೇ ಒಂದೊಂದಾಗಿ ಬೀಸಿ ನೋಡಿ ಆಟ ಕಲಿತವರು. ಬಿ.ಎಡ್. ಮುಗಿಸಿ ಧಾರವಾಡದ ಹೈಸ್ಕೂಲಿಗೆ ಬಂದ ಮೇಲೆ ರಜೆಯ ದಿನ ಬೆಳಗಾವಿ ಬಸ್ಸು, ಉಳಿದ ದಿನ ಸಾಲಿ ಮೈದಾನದ ಮೂಲೆ, ಸುಗ್ಗಿ ಮುಗಿದರೆ ಗೆಳೆಯರ ಹೊಲ. ನಮ್ಮ ಮನೆಗೆ ಎರಡು ತಲೆಮಾರಿನ ಬಳಕೆ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಬರೀ ಮಾಸ್ತರು.

ಏಟಿಗೊಂದು ಅಂಕ, ಕಡಿಮೆ ಅಂಕ ಬಂದವನು ಗೆಲ್ಲುವ ಆಟವೊಂದು ಲೆಕ್ಕದ ಮಾಸ್ತರಿಗೆ ಯಾಕೆ ಹಿಡಿಸಿತು ಎನ್ನುವುದಕ್ಕೆ ಕಾರಣವಿದೆ. ವರ್ಷಪೂರ್ತಿ ಕೆಂಪು ಶಾಯಿ ಹಿಡಿದು ಮಂದಿಯ ಪೇಪರು ತಿದ್ದುವುದು ಅವರ ನೌಕರಿ. ಗಾಲ್ಫಿನಲ್ಲಿ ತನ್ನ ಪೇಪರು ತಾನೇ ತಿದ್ದಬೇಕು. ಪ್ರತಿ ಏಟಿಗೂ ಸೀಟಿ ಊದುವ ಅಂಪೈರ್ ಅಲ್ಲಿಲ್ಲ. ಆಡುವವನೇ ಎಣಿಸಬೇಕು, ದಂಡ ಬಿದ್ದರೆ ಅವನೇ ಹೇಳಬೇಕು.

ನಿಯಮದಲ್ಲಿ ಇದು ಎಷ್ಟು ಸೂಕ್ಷ್ಮವಾಗಿದೆ ಅಂದರೆ, ಏಟು ಅಂದರೇನು ಎನ್ನುವುದೇ ಆಡುವವನ ಮನಸ್ಸಿನ ಮೇಲೆ ನಿಂತಿದೆ. ಚೆಂಡನ್ನು ಹೊಡೆಯಬೇಕೆಂದು ಕೋಲನ್ನು ಮುಂದಕ್ಕೆ ಬೀಸಿದರೆ ಅದು ಒಂದು ಏಟು, ಚೆಂಡಿಗೆ ತಗಲಲಿ ಬಿಡಲಿ. ತಾಲೀಮಿಗೆ ಬೀಸಿದ್ದು ಏಟಲ್ಲ. ದೂರದಿಂದ ನೋಡುವವರಿಗೆ ಎರಡೂ ಒಂದೇ. ಕೋಲು ಚೆಂಡಿನ ಮೇಲಿಂದ ಗಾಳಿಯಲ್ಲಿ ಹೋದಾಗ ‘ತಾಲೀಮು, ತಾಲೀಮು’ ಅಂದುಬಿಟ್ಟರೆ ಕೇಳುವವರು ಯಾರು? ಮಾಸ್ತರು ಅದಕ್ಕೆ ‘ಗಾಳಿ ಏಟು’ ಎನ್ನುತ್ತಿದ್ದರು; ಕಾರ್ಡಿನಲ್ಲಿ ಅದಕ್ಕೂ ಒಂದು ಗೀಟು ಎಳೆಯುತ್ತಿದ್ದರು.

ತರಗತಿಯಲ್ಲಿಯೂ ಇದೇ ರೂಢಿ ಹಚ್ಚಿದ್ದರು. ಯೂನಿಟ್ ಟೆಸ್ಟಿನ ಪೇಪರು ತಿದ್ದಿ, ಅಂಕ ಹಾಕದೆ ಹುಡುಗನ ಕೈಗೆ ಕೊಟ್ಟು ‘ನೀನಽ ಹಾಕ್ಕೋ ತಮ್ಮಾ’ ಎನ್ನುವುದು. ಬಹಳ ಹುಡುಗರು ಮಾಸ್ತರು ಹಾಕಬಹುದಾಗಿದ್ದಕ್ಕಿಂತ ಕಡಿಮೆಯೇ ಹಾಕಿಕೊಳ್ಳುತ್ತಿದ್ದರು, ಒಬ್ಬಿಬ್ಬರನ್ನು ಬಿಟ್ಟು. ಆ ಒಬ್ಬಿಬ್ಬರು ಮುಂದೆ ಗುತ್ತಿಗೆದಾರರಾದರು ಎನ್ನುವುದು ಅವರ ಚೇಷ್ಟೆ.

1925ರ ಅಮೆರಿಕನ್ ಓಪನ್ ಗಾಲ್ಫ್ ಪಂದ್ಯಾವಳಿಯ ಕಥೆಯನ್ನು ಅವರು ಗಣಿತದ ಪಾಠದ ಹಾಗೆ ಹೇಳುತ್ತಿದ್ದರು. ಬಾಬಿ ಜೋನ್ಸ್ ಉದ್ದ ಹುಲ್ಲಿನಲ್ಲಿ ಹೊಡೆಯಲು ನಿಂತಾಗ ಚೆಂಡು ತುಸು ಕದಲಿತು. ನೋಡಿದವರು ಯಾರೂ ಇಲ್ಲ. ಅವನೇ ಹೇಳಿ ಒಂದು ಏಟಿನ ದಂಡ ಹಾಕಿಸಿಕೊಂಡ. ನಾಲ್ಕು ಸುತ್ತು ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಅವನು ಸಮ ಸಮ. ಪ್ಲೇಆಫ್ ಆಡಿ ಜೋನ್ಸ್ ಸೋತ. ಕದಲಿದ ಚೆಂಡನ್ನು ಒಂದು ಬದಿಗೆ, ಹೋದ ಕಪ್ಪನ್ನು ಇನ್ನೊಂದು ಬದಿಗೆ ಬರೆದು ನಡುವೆ ಸಮಚಿಹ್ನೆ ಹಾಕಿದರೆ ಸಮೀಕರಣ ಮುಗಿಯಿತು. ಮಾಸ್ತರು ಇದಕ್ಕೆ ಏನೂ ಸೇರಿಸುತ್ತಿರಲಿಲ್ಲ. ಬೋರ್ಡು ಒರೆಸಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದರು.

ಹುಡುಗರಿಗೆ ಗಾಲ್ಫ್ ಕಲಿಸುವುದು ಶುರುವಾಗುತ್ತಿದ್ದದ್ದು ಹಿಡಿತದಿಂದ. ಮೊದಲ ವಾರ ಚೆಂಡೇ ಇಲ್ಲ. ಬಲಗೈಯವರಿಗೆ ಎಡಗೈ ಮೇಲೆ ಬರಬೇಕು. ಹಿಡಿಕೆ ಅಂಗೈ ನಡುವೆ ಕೂರಬಾರದು. ತೋರುಬೆರಳಿನ ನಡುಗೆಣ್ಣಿನಿಂದ ಕಿರುಬೆರಳಿನ ಬುಡದ ಕಡೆಗೆ ಓರೆಯಾಗಿ ಹಾಯಬೇಕು. ಮುಷ್ಟಿ ಮುಚ್ಚಿ ಮೇಲಿಂದ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು. ಒಂದೇ ಕಂಡರೆ ಚೆಂಡು ಬಲಕ್ಕೆ ವಾಲುತ್ತದೆ, ನಾಲ್ಕೂ ಕಂಡರೆ ಎಡಕ್ಕೆ. ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ಸಂದಿನ ಮೇಲೆ ಕೂರಬೇಕು. ಈ ಹಿಡಿತಕ್ಕೆ ಹ್ಯಾರಿ ವಾರ್ಡನ್ ಹೆಸರಿದೆ. ಬ್ರಿಟಿಷ್ ಓಪನ್ ಆರು ಸಲ ಗೆದ್ದವನು ಅವನೊಬ್ಬನೇ. ಸಣ್ಣ ಕೈಯ ಹುಡುಗರಿಗೆ ಇದು ಒಗ್ಗುವುದಿಲ್ಲ. ಅವರಿಗೆ ಹತ್ತೂ ಬೆರಳು ಕೋಲಿನ ಮೇಲೆಯೇ ಇಟ್ಟರೂ ನಡೆಯುತ್ತದೆ, ಎರಡು ಕೈ ನಡುವೆ ಸಂದು ಬಿಡದಿದ್ದರೆ ಸಾಕು.

ಎಷ್ಟು ಬಿಗಿ ಹಿಡಿಯಬೇಕು ಎನ್ನುವುದನ್ನು ಪುಸ್ತಕ ಓದಿ ತಿಳಿಯಲಾಗುವುದಿಲ್ಲ. ಮಾಸ್ತರು ಮನೆಯ ಹೆಣ್ಣುಮಕ್ಕಳನ್ನು ತೋರಿಸುತ್ತಿದ್ದರು: ಬಡಿದ ಹಸಿ ಜೋಳದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಾಗ ಎಷ್ಟು ಹಿಡಿಯುತ್ತಾರೋ ಅಷ್ಟು. ಬಿಗಿ ಮಾಡಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಮಡಚಿ ಬೀಳುತ್ತದೆ. ಗಾಲ್ಫಿನಲ್ಲಿ ಬಿಗಿ ಹಿಡಿದರೆ ಏನು ಹರಿಯುತ್ತದೆ? ಮೊದಲು ಮುಂಗೈ, ಅಲ್ಲಿಂದ ಮೊಣಕೈ, ಅಲ್ಲಿಂದ ಭುಜ, ಒಂದಾದ ಮೇಲೊಂದು ಸೆಟೆಯುತ್ತವೆ. ಮಣಿಕಟ್ಟು ಮಡಚುವುದಿಲ್ಲ, ಕೋಲಿನ ತುದಿಗೆ ವೇಗ ಬರುವುದಿಲ್ಲ. ಜೋರು ಹೊಡೆಯಬೇಕೆಂದು ಬಿಗಿ ಹಿಡಿದವನ ಚೆಂಡು ಹತ್ತಿರ ಬೀಳುವುದು ಇದಕ್ಕೇ.

ನಮ್ಮ ಕಡೆಯ ಹುಡುಗರ ತೊಂದರೆಯೇ ಬೇರೆ. ಅವರು ಖಾಲಿ ಕೈಯಲ್ಲಿ ಬರುವುದಿಲ್ಲ. ಕ್ರಿಕೆಟ್ ಕಲಿತು ಬರುತ್ತಾರೆ, ಹಳ್ಳಿಯವರಾದರೆ ಚಿಣಿಪಣಿ. ಚಿಣಿಯನ್ನು ಮೊದಲು ಚಿಮ್ಮಿಸಿ ಗಾಳಿಯಲ್ಲಿ ಹೊಡೆಯುತ್ತಾರೆ. ಕ್ರಿಕೆಟ್ಟಿನ ಚೆಂಡು ತಾನಾಗಿ ಬರುತ್ತದೆ, ಯೋಚನೆಗೆ ಸಮಯ ಕೊಡುವುದಿಲ್ಲ. ಗಾಲ್ಫಿನ ಚೆಂಡು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ. ಕೂತ ಚೆಂಡನ್ನು ನೋಡಿದ ಕೂಡಲೆ ಹುಡುಗರ ಕೈ ಅದನ್ನು ಕೆಳಗಿಂದ ಎತ್ತಲು ಹೋಗುತ್ತದೆ, ಬೆನ್ನು ಮೇಲೇಳುತ್ತದೆ, ಕೋಲಿನ ಅಂಚು ಚೆಂಡಿನ ನೆತ್ತಿಗೆ ಬಡಿದು ಅದು ಮೊಲದ ಹಾಗೆ ನೆಲದಲ್ಲೇ ಓಡುತ್ತದೆ. ‘ಎತ್ತೂದು ನಿನ್ನ ಕೆಲಸ ಅಲ್ಲೋ, ಕೋಲಿನ ಮಾರಿ ಎತ್ತತೈತಿ’ ಎನ್ನುವುದು ಮಾಸ್ತರು ದಿನಕ್ಕೆ ಹತ್ತು ಸಲ ಹೇಳುವ ಮಾತು. ಮಾತು ಸರಿ. ಏಳನೇ ನಂಬರಿನ ಕಬ್ಬಿಣದ ಕೋಲಿನ ಮಾರಿ, ಅಂದರೆ ಚೆಂಡಿಗೆ ತಗಲುವ ಮುಖ, 30 ಡಿಗ್ರಿಯ ಮೇಲೆ ಹಿಂದಕ್ಕೆ ವಾಲಿರುತ್ತದೆ. ಕೋಲು ಇನ್ನೂ ಇಳಿಯುತ್ತಿರುವಾಗಲೇ ಮೊದಲು ಚೆಂಡು, ಆಮೇಲೆ ನೆಲ ತಗಲಬೇಕು. ಆಗ ಚೆಂಡು ಆ ಓರೆಯ ಮೇಲೆ ತಾನೇ ಏರುತ್ತದೆ. ಇಷ್ಟಕ್ಕೂ ಚೆಂಡು ಕೋಲಿಗೆ ಅಂಟಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು. ಅಷ್ಟರೊಳಗೆ ಎತ್ತುತ್ತೇನೆ ಅನ್ನುವವನಿಗೆ ನಮಸ್ಕಾರ.

ಇಲ್ಲಿ ಮಾಸ್ತರ ಕಿಸೆಯ ಖಡು, ಅಂದರೆ ಸೀಮೆಸುಣ್ಣ, ಕೆಲಸಕ್ಕೆ ಬರುತ್ತಿತ್ತು. ಗಟ್ಟಿ ನೆಲದ ಮೇಲೆ ಗುರಿಗೆ ಅಡ್ಡಲಾಗಿ ಒಂದು ಗೀಟು ಎಳೆಯುವುದು. ಗೀಟಿನ ಎರಡೂ ಬದಿಗೆ ಪಾದ, ಭುಜದಷ್ಟು ಅಗಲ. ಚೆಂಡಿಲ್ಲದೆ ಬೀಸುವುದು. ಕೋಲು ನೆಲಕ್ಕೆ ತಾಗಿದ ಗುರುತು ಗೀಟಿನ ಮೇಲೆ ಅಥವಾ ಗುರಿಯ ಕಡೆಗೆ ಎರಡು ಬೆರಳು ಆಚೆ ಬಿದ್ದರೆ ಪಾಸು. ಗೀಟಿಗಿಂತ ಹಿಂದೆ ಬಿದ್ದರೆ ಮೈಭಾರ ಹಿಂದಿನ ಕಾಲಿನ ಮೇಲೇ ಉಳಿದಿದೆ ಎಂದರ್ಥ. ಗುರುತೇ ಇಲ್ಲದಿದ್ದರೆ ಬೀಸುವಾಗ ಎದ್ದು ನಿಂತಿದ್ದಾನೆ. ಇನ್ನೊಂದು ಪ್ರಯೋಗ, ಕೋಲಿನ ಮಾರಿಗೆ ಖಡು ಒರೆಸಿ ಚೆಂಡು ಹೊಡೆಯುವುದು. ಖಡು ಅಳಿಸಿದ ದುಂಡು ಗುರುತು ಮಾರಿಯ ನಡುವೆ ಇದ್ದರೆ ಸರಿ. ಹಿಡಿಕೆಯ ಕಡೆಗೆ ಇದ್ದರೆ ತೀರ ಹತ್ತಿರ ನಿಂತಿದ್ದಾನೆ, ಇಲ್ಲವೇ ಕೋಲು ಹೊರಗಿನಿಂದ ಒಳಗೆ ಬರುತ್ತಿದೆ. ಮಳೆಗಾಲದಲ್ಲಿ ಇದು ನಡೆಯುವುದಿಲ್ಲ, ಒದ್ದೆ ಚೆಂಡು ಎಲ್ಲವನ್ನೂ ಒರೆಸಿಬಿಡುತ್ತದೆ. ಈ ಎರಡು ಪರೀಕ್ಷೆಯಲ್ಲೂ ಮಾಸ್ತರು ಬಾಯಿ ಬಿಡುತ್ತಿರಲಿಲ್ಲ. ನೆಲ ನೋಡಿ, ಮಾರಿ ನೋಡಿ ಹುಡುಗನೇ ತನ್ನ ತಪ್ಪು ಹೇಳಬೇಕು.

ಚೆಂಡು ಬಲಕ್ಕೆ ಬಾಗಿ ಹೋಗುವ ರೋಗ, ಅಂದರೆ ಸ್ಲೈಸ್, ಹೊಸಬರಲ್ಲಿ ಬಹುತೇಕ ಎಲ್ಲರಿಗೂ ಇರುತ್ತದೆ. ಅದಕ್ಕೆ ಅವರು ತಾವೇ ಹುಡುಕಿಕೊಳ್ಳುವ ಮದ್ದು ರೋಗಕ್ಕಿಂತ ಕೆಟ್ಟದ್ದು. ಬಲಕ್ಕೆ ಹೋಗುತ್ತದೆಂದು ಎಡಕ್ಕೆ ಗುರಿ ಹಿಡಿಯುತ್ತಾರೆ. ಎಡಕ್ಕೆ ತಿರುಗಿ ನಿಂತಷ್ಟೂ ಕೋಲು ಹೊರಗಿನಿಂದ ಒಳಗೆ ಇನ್ನಷ್ಟು ಅಡ್ಡ ಕೊಯ್ಯುತ್ತದೆ. ಕೋಲು ಹೋಗುವ ದಾರಿಗೆ ಹೋಲಿಸಿದರೆ ಮಾರಿ ಇನ್ನಷ್ಟು ಬಲಕ್ಕೆ ತೆರೆದಿರುತ್ತದೆ. ಚೆಂಡಿಗೆ ಅಡ್ಡ ತಿರುಗು ಹೆಚ್ಚಾಗುತ್ತದೆ. ಮದ್ದು ಹಿಡಿತದಲ್ಲಿದೆ. ಎಡಗೈಯನ್ನು ತುಸು ಬಲಕ್ಕೆ ಹೊರಳಿಸಿ ಇನ್ನೊಂದು ಗೆಣ್ಣು ಕಾಣುವ ಹಾಗೆ ಮಾಡಿದರೆ ಅರ್ಧ ರೋಗ ಹೋಗುತ್ತದೆ.

ಒಂಬತ್ತು ಹತ್ತನೆಯ ತರಗತಿಯವರಿಗೆ ಅವರು ಎಸೆಯುತ್ತಿದ್ದ ಪ್ರಶ್ನೆಯೊಂದಿತ್ತು. ಎಸೆದ ವಸ್ತು ಅತಿ ದೂರ ಹೋಗಬೇಕಾದರೆ 45 ಡಿಗ್ರಿ ಎಂದು ಪುಸ್ತಕ ಹೇಳುತ್ತದೆ. ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ಎಂಬ ಕೋಲಿನ ಮಾರಿ 10 ಡಿಗ್ರಿಯ ಆಸುಪಾಸು ಯಾಕಿದೆ? ಪುಸ್ತಕ ಸುಳ್ಳೋ, ಡ್ರೈವರ್ ಸುಳ್ಳೋ? ಎರಡೂ ಅಲ್ಲ. ಪುಸ್ತಕದಲ್ಲಿ ಗಾಳಿಯಿಲ್ಲ. ಚೆಂಡು ಹಿಂದಕ್ಕೆ ತಿರುಗುತ್ತ ಹಾರುತ್ತದೆ, ಡ್ರೈವರಿನಿಂದ ಹೊರಟಾಗ ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತಿನ ಹತ್ತಿರ. ಹಾಗೆ ತಿರುಗುವುದರಿಂದ ಗಾಳಿ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಮೈಮೇಲಿನ 300ರಿಂದ 500 ಸಣ್ಣ ಗುಳಿಗಳು ಚೆಂಡನ್ನು ಸುತ್ತಿ ಹೋಗುವ ಗಾಳಿಯ ತೆಳು ಪದರವನ್ನು ಕಲಕಿ, ಅದು ಬೇಗ ಕಿತ್ತುಹೋಗದೆ ಹಿಂಬದಿಯವರೆಗೆ ಅಂಟಿಕೊಳ್ಳುವಂತೆ ಮಾಡುತ್ತವೆ. ಹಿಂದಿನ ಎಳೆತ ಅರ್ಧಕ್ಕೆ ಇಳಿಯುತ್ತದೆ. ನುಣ್ಣಗಿನ ಚೆಂಡನ್ನು ಅಷ್ಟೇ ಜೋರಾಗಿ ಹೊಡೆದರೆ ಅರ್ಧ ದಾರಿಯಲ್ಲಿ ಬೀಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಂದಾಗ ಆಟಗಾರರಿಗೆ ಗೊತ್ತಾದದ್ದೂ ಹೀಗೆಯೇ: ಹೊಸ ಚೆಂಡಿಗಿಂತ ಗಾಯಗಳಾದ ಹಳೆಯ ಚೆಂಡೇ ನೆಟ್ಟಗೆ, ದೂರ ಹಾರುತ್ತಿತ್ತು. ಪರೀಕ್ಷೆಗೆ ಬರದ ಈ ಪಾಠವನ್ನು ಮಾಸ್ತರು ಎರಡು ಪೀರಿಯಡ್ ಹೇಳುತ್ತಿದ್ದರು. ಸಿಲೆಬಸ್ ಹಿಂದೆ ಬೀಳುತ್ತದೆಂದು ಹೆಡ್‌ಮಾಸ್ತರು ಗೊಣಗಿದರೆ ಸಾಯಂಕಾಲ ಜಾದಾ ಕ್ಲಾಸು.

ಸಾಮಾನಿನ ವಿಷಯ. ನಿಯಮದ ಪ್ರಕಾರ ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಬಾರದು. ಮಾಸ್ತರ ಹತ್ತಿರ ಅದರ ಅರ್ಧವೇ ಇದ್ದವು, ಎಲ್ಲ ಹಳೆಯವು. ಹಳೆಯ ಕೋಲಿನಲ್ಲಿ ಮೊದಲು ಸಾಯುವುದು ಹಿಡಿಕೆಯ ರಬ್ಬರು. ಒಣಗಿ ನುಣ್ಣಗಾಗಿ ಜಾರುತ್ತದೆ, ಜಾರುತ್ತದೆಂದು ಕೈ ತಾನಾಗಿ ಬಿಗಿಯುತ್ತದೆ, ಮತ್ತೆ ಮೇಲೆ ಹೇಳಿದ ರೋಗವೆಲ್ಲ. ಬದಲಿಸುವುದು ಕಷ್ಟವಲ್ಲ. ಹಳೆಯ ರಬ್ಬರನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಸುಲಿಯಬೇಕು. ಚಾಕು ಮೈಯಿಂದ ಆಚೆಗೆ ಹೋಗಬೇಕು, ಈಚೆಗಲ್ಲ. ಒಳಗಿನ ಹಳೆಯ ಟೇಪನ್ನು ಚೂರೂ ಉಳಿಸದೆ ಕೆರೆದು, ಎರಡೂ ಬದಿ ಅಂಟಿರುವ ಹೊಸ ಟೇಪು ಸುತ್ತಿ, ತುದಿಯಲ್ಲಿ ಅರ್ಧ ಇಂಚು ಹೆಚ್ಚು ಬಿಟ್ಟು ಅದನ್ನು ಕೊಳವೆಯ ಬಾಯಿಯೊಳಗೆ ಮಡಚಬೇಕು. ಇಲ್ಲದಿದ್ದರೆ ದ್ರಾವಣ ಒಳಗಿಳಿದು ಕೋಲು ಗುಳುಗುಳು ಎನ್ನುತ್ತದೆ. ಹೊಸ ಹಿಡಿಕೆಯ ತಲೆಯ ತೂತನ್ನು ಬೆರಳಿನಿಂದ ಮುಚ್ಚಿ, ಒಳಗೆ ಟರ್ಪಂಟೈನ್ ಹುಯ್ದು ಅಲುಗಾಡಿಸಿ, ಅದನ್ನೇ ಟೇಪಿನ ಮೇಲೆ ಸುರಿದು, ತಡಮಾಡದೆ ಒಂದೇ ಸಲಕ್ಕೆ ಕೊನೆಯವರೆಗೆ ನೂಕಬೇಕು. ನಡುವೆ ನಿಂತರೆ ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಆಮೇಲೆ ಸೀಳಿ ಎಸೆಯುವುದೊಂದೇ ದಾರಿ. ಗೆರೆಗಳನ್ನು ಕೋಲಿನ ಮಾರಿಗೆ ಸರಿಹೊಂದಿಸಲು ಒಂದು ನಿಮಿಷ ಸಿಗುತ್ತದೆ. ರಾತ್ರಿ ಒಣಗಲು ಬಿಡಬೇಕು. ಸೀಮೆಎಣ್ಣೆಯಿಂದಲೂ ಮಾಡುವವರಿದ್ದಾರೆ, ಆದರೆ ಅದರ ಜಿಡ್ಡು ಉಳಿದು ಹಿಡಿಕೆ ದಿನಗಟ್ಟಲೆ ತಿರುಗುತ್ತಿರುತ್ತದೆ. ಸೈಕಲ್ ಹ್ಯಾಂಡಲಿನ ಕವರು ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದವರೂ ಇದ್ದಾರೆ. ಆಗುವುದಿಲ್ಲ.

ಚೆಂಡಿನ ಪರೀಕ್ಷೆ ಅಡುಗೆಮನೆಯಲ್ಲಿ. ನಿಯಮದ ಚೆಂಡು 45.93 ಗ್ರಾಮಿಗಿಂತ ಹೆಚ್ಚು ತೂಗಬಾರದು, ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಲೆಕ್ಕ ಹಾಕಿದರೆ ಸಾಂದ್ರತೆ 1.13ರ ಹತ್ತಿರ ಬರುತ್ತದೆ, ಆದ್ದರಿಂದ ಸಿಹಿನೀರಿನಲ್ಲಿ ಮುಳುಗುತ್ತದೆ. ಒಂದು ಲೀಟರ್ ನೀರಿಗೆ ಕಾಲು ಕಿಲೋ ಉಪ್ಪು ಕರಗಿಸಿ ಬಿಟ್ಟರೆ ತೇಲುತ್ತದೆ. ತೇಲುವ ಚೆಂಡನ್ನು ಬೆರಳಿನಿಂದ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಜಾಗ ಮೇಲೆ ಬಂದು ನಿಂತರೆ ಅದರ ಎದುರು ಬದಿ ಭಾರವಿದೆ, ಅಂದರೆ ಚೆಂಡಿನ ಗರ್ಭ ನಡುವಿಗಿಲ್ಲ. ನಿಧಾನಕ್ಕೆ ಉರುಳುವಾಗ ಅದು ಒಂದು ಕಡೆಗೆ ಎಳೆಯುತ್ತದೆ. ಎಲ್ಲಿ ಬಿಟ್ಟರೆ ಅಲ್ಲಿ ನಿಂತರೆ ಒಳ್ಳೆಯ ಚೆಂಡು. ಕೆರೆ ಬಾವಿಯಲ್ಲಿ ಸಿಕ್ಕ ಹಳೆಯ ಚೆಂಡುಗಳಲ್ಲಿ ಬಹಳಷ್ಟು ಇಲ್ಲಿಯೇ ಫೇಲಾಗುತ್ತಿದ್ದವು. ಆರ್ಕಿಮಿಡೀಸನ ಪಾಠ ಮುಗಿಯುವ ಹೊತ್ತಿಗೆ ಮನೆಯ ಉಪ್ಪಿನ ಡಬ್ಬಿ ಬರಿದಾಗುತ್ತಿತ್ತು ಎನ್ನುವುದು ಅಕ್ಕೋರ ತಕರಾರು. ಮಾಸ್ತರ ಮನೆಯವರು ಕನ್ನಡ ಸಾಲಿಯ ಶಿಕ್ಷಕಿ. ಊರಿಗೆಲ್ಲ ಅವರು ಅಕ್ಕೋರು.

ಹಸಿರು ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಹಾಸು, ಮಾಡುವುದು ಧಾರವಾಡದ ಹೊಲದಲ್ಲಿ ಆಗದ ಮಾತು. 3-4 ಮಿಲಿಮೀಟರ್ ಎತ್ತರಕ್ಕೆ ದಿನಾ ಹುಲ್ಲು ಕತ್ತರಿಸಬೇಕು, ನೀರು ಬೇಕು. ಅದಕ್ಕೆ ಒಣ ನಾಡುಗಳಲ್ಲಿ ಬ್ರೌನ್ ಮಾಡುವ ಪದ್ಧತಿಯಿದೆ, ಅಂದರೆ ಎಣ್ಣೆ ಬೆರೆಸಿದ ಉಸುಕಿನ ಹಾಸು. ಮಾಸ್ತರು ಹೊಲದ ಮೂಲೆಯಲ್ಲಿ ಒಂದು ಮಾಡಿಸಿದ್ದರು. ಮೂರು ಮೀಟರ್ ತ್ರಿಜ್ಯದ ವೃತ್ತ, ಕೆಳಗೆ ನೀರು ಹೊಡೆದು ಬಡಿದ ಗರಸು, ಅದರ ಮೇಲೆ ಎರಡೂವರೆ ಸೆಂಟಿಮೀಟರ್ ದಪ್ಪ ಜರಡಿ ಹಿಡಿದ ಸಣ್ಣ ಉಸುಕು. ಪೈ ಆರ್ ಸ್ಕ್ವೇರ್ ಎಚ್ ಹಚ್ಚಿ ನೋಡಿ: ಸರಿಯಾಗಿ ಕಾಲು ಬ್ರಾಸ್, ಅಂದರೆ 25 ಘನ ಅಡಿ. ಗ್ಯಾರೇಜಿನ ಸುಟ್ಟ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಕಲಸಬೇಕು. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಬೆರಳಿನ ಸಂದಿಯಿಂದ ಎಣ್ಣೆ ಇಳಿಯಬಾರದು. ಕಡಿಮೆಯಾದರೆ ಬೇಸಗೆಯ ಗಾಳಿಗೆ ಉಸುಕೆಲ್ಲ ಪಕ್ಕದ ಹೊಲಕ್ಕೆ. ಹೆಚ್ಚಾದರೆ ಚೆಂಡು ಅಂಟಂಟಾಗಿ ನಡುದಾರಿಯಲ್ಲಿ ನಿಲ್ಲುತ್ತದೆ, ಧೋತರ ಹಾಳಾಗುತ್ತದೆ. (ಸುಟ್ಟ ಎಣ್ಣೆ ನೆಲಕ್ಕೆ ಒಳ್ಳೆಯದಲ್ಲ. ಇವತ್ತು ಯಾರಾದರೂ ಮಾಡುವುದಿದ್ದರೆ ಬಾವಿಯಿಂದ ದೂರ, ಕೆಳಗೆ ತಾಡಪತ್ರಿ ಹಾಸಿ ಮಾಡಲಿ. ಮಾಡದಿದ್ದರೆ ಇನ್ನೂ ಚಲೋ.) ಆಡುವ ಮೊದಲು ಹಿಡಿಕೆ ಹಚ್ಚಿದ ಕಬ್ಬಿಣದ ಪೈಪನ್ನು ಕುಳಿಯಿಂದ ಚೆಂಡಿನವರೆಗೆ ಒಂದು ಸಲ ಎಳೆದರೆ ಹೆಜ್ಜೆ ಗುರುತೆಲ್ಲ ಅಳಿಸಿ ದಾರಿ ಸಪಾಟಾಗುತ್ತದೆ.

ಕುಳಿಯ ವ್ಯಾಸ 108 ಮಿಲಿಮೀಟರ್ ಎಂದು 1891ರಲ್ಲಿ ಗೊತ್ತುಮಾಡಿದ್ದಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನ ಪೈಪು ಅಂದರೆ ಕೊಡುವುದು 110. ಬೇರೆ ಯಾರಾದರೂ ಅದನ್ನೇ ಹುಗಿದು ಆಡುತ್ತಿದ್ದರು. ಮಾಸ್ತರು ದಪ್ಪ ಪೈಪಿನ ತುಂಡು ತಂದು ಎಮರಿ ಪೇಪರಿನಿಂದ ಸುತ್ತಲೂ ಒಂದೊಂದು ಮಿಲಿಮೀಟರ್ ಉಜ್ಜಿ ಇಳಿಸಿದರು. ಹೊಲದಲ್ಲಿ ನೋಡುವವರು ಕುರಿ ಕಾಯುವ ಹುಡುಗರು ಮಾತ್ರ. ಎರಡು ಮಿಲಿಮೀಟರಿನಿಂದ ಏನು ಫರಕು ಎಂದು ಕೇಳಿದರೆ, ಕೋಣೆಯಲ್ಲಿ ಸೂಪರ್‌ವೈಜರ್ ಇಲ್ಲದಾಗ ಚೀಟಿ ನೋಡಿ ಬರೆದರೂ ಫರಕು ಕಾಣುವುದಿಲ್ಲವಲ್ಲ ಎಂದು ಮರುಪ್ರಶ್ನೆ.

ಗಾಲ್ಫ್ ಮೈದಾನದ ಹುಲ್ಲಿನ ಬಗ್ಗೆ ಹೊಲದ ಮಾಲೀಕರಿಗೂ ಮಾಸ್ತರಿಗೂ ಮುಗಿಯದ ವಾದ. ಬಿಸಿ ನಾಡಿನ ಮೈದಾನಗಳಲ್ಲಿ ಲಕ್ಷಗಟ್ಟಲೆ ಖರ್ಚು ಮಾಡಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಕರಿಕಿಯೇ, ಗಣಪತಿಗೆ ಏರಿಸುವ ಅದೇ ಗರಿಕೆ. ಮೈದಾನಕ್ಕೆ ಹಾಕುವವು ಅದರ ತಳಿಗಳು. ಎರೆಹೊಲದ ರೈತನಿಗೆ ಕರಿಕಿಯಷ್ಟು ದೊಡ್ಡ ವೈರಿ ಇಲ್ಲ. ಬೇಸಗೆಯಲ್ಲಿ ಆಳು ಹಚ್ಚಿ ಆಳಕ್ಕೆ ಕಡಿದು ಬೇರು ಆರಿಸಿದರೂ ಒಂದು ಗೆಣ್ಣು ಉಳಿದರೆ ಮುಂದಿನ ಮಳೆಗೆ ಮತ್ತೆ ಹಬ್ಬುತ್ತದೆ. ‘ಹಾದಿಗೆ ಬಂದ ಶನಿಗೆ ರೊಕ್ಕ ಕೊಟ್ಟು ನೀರು ಹಾಕ್ತಾರೇನ್ರೀ ಮಾಸ್ತರ?’ ಎಂದು ಆ ಮಾಲೀಕರು ಕೇಳಿದ್ದಕ್ಕೆ ಯಾವ ನಿಯಮ ಪುಸ್ತಕದಲ್ಲೂ ಉತ್ತರವಿಲ್ಲ.

ಧಾರವಾಡದಿಂದ ಪಡುವಣಕ್ಕೆ ಕೆಂಪು ನೆಲ, ಮೂಡಣಕ್ಕೆ ಅಣ್ಣಿಗೇರಿ ನವಲಗುಂದದ ಕಡೆ ಎರೆ. ಕೆಂಪು ನೆಲ ಬೇಸಗೆಯಲ್ಲಿ ಕಲ್ಲಾಗಿ ಕೋಲು ಪುಟಿಯುತ್ತದೆ. ಎರೆ ಮಳೆಗಾಲದಲ್ಲಿ ಬೂಟಿಗೆ ಸೇರುಗಟ್ಟಲೆ ಮೆತ್ತಿಕೊಂಡರೆ, ಬೇಸಗೆಯಲ್ಲಿ ಚೆಂಡು ನುಂಗುವಷ್ಟು ಬಿರಿಯುತ್ತದೆ. ಬಿರುಕಿನ ವಿಷಯದಲ್ಲಿ ನಿಯಮ ರುಚಿಯಾಗಿದೆ. ಇಲಿ, ಹೆಗ್ಗಣ ತೋಡಿದ ಬಿಲದಲ್ಲಿ ಚೆಂಡು ಬಿದ್ದರೆ ದಂಡವಿಲ್ಲದೆ ಎತ್ತಿ ಆಚೆ ಬಿಡಬಹುದು. ಬಿಸಿಲಿಗೆ ನೆಲ ತಾನಾಗಿ ಬಾಯಿ ಬಿಟ್ಟಿದ್ದರೆ, ಅಲ್ಲಿನವರು ಬೇರೆ ಸ್ಥಳೀಯ ನಿಯಮ ಮಾಡಿರದಿದ್ದರೆ, ಆ ಸವಲತ್ತು ಇಲ್ಲ. ಆಡಲಾಗದ ಚೆಂಡು ಎಂದು ಒಂದು ಏಟಿನ ದಂಡ ತೆತ್ತು ಎರಡು ಕೋಲಳತೆಯೊಳಗೆ ಬಿಡಬೇಕು. ಬಿಲವೋ ಬಿರುಕೋ ಎಂದು ನೋಡಲು ಮಾಸ್ತರು ಮೊಣಕಾಲೂರಿ ಕೂರುತ್ತಿದ್ದರು. ಒಳಗೆ ತೋಡಿದ ಸಡಿಲ ಮಣ್ಣು ಕಾಣದಿದ್ದರೆ ಕಾರ್ಡಿಗೆ ಇನ್ನೊಂದು ಗೀಟು. ಕಳೆದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷವಿತ್ತು, 2019ರಿಂದ ಮೂರಕ್ಕೆ ಇಳಿಸಿದ್ದಾರೆ. ಕೈಗಡಿಯಾರ ನೋಡುತ್ತ ಎರೆಯಲ್ಲಿ ಮೂರು ನಿಮಿಷ ಹುಡುಕುವುದೆಂದರೆ ಹುಡುಕದೆ ಇರುವುದೇ ಲೇಸು.

2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವಳಾದಾಗ ಮಾಸ್ತರ ಮನೆಯ ಟೀವಿ ಮುಂದೆ ಓಣಿಯೇ ಕೂತಿತ್ತು. ‘ಬೋಗಿ ಅಂದ್ರ ರೈಲಿಂದೇನ್ರೀ?’ (ಕುಳಿಗೆ ಗೊತ್ತುಮಾಡಿದ್ದಕ್ಕಿಂತ ಒಂದು ಏಟು ಹೆಚ್ಚಾದರೆ ಬೋಗಿ) ಎನ್ನುವಲ್ಲಿಂದ ಶುರುವಾಗಿ ಬೆಳಗಿನ ಉಪ್ಪಿಟ್ಟು ಮುಗಿಯುವುದರೊಳಗೆ ಎಲ್ಲರೂ ಪಂಡಿತರಾಗಿದ್ದರು. ಕಂಚಿನ ಪದಕಕ್ಕೆ ಒಂದೇ ಏಟಿನ ಅಂತರ. ಮರುವರ್ಷ ಅದೇ ತಿಂಗಳು ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಸೇರಿಕೊಂಡು, ಸುತ್ತಲಿನ ಸಾಲಿಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದಾಗ ಮಾಸ್ತರು ಇರಲಿಲ್ಲ. ಇದ್ದಿದ್ದರೆ ನಿಯಮ 16.2 ಓದುತ್ತಿದ್ದರು. ಅಪಾಯದ ಪ್ರಾಣಿ ಹತ್ತಿರವಿದ್ದರೆ ದಂಡವಿಲ್ಲದೆ, ಅಪಾಯವಿಲ್ಲದ ಅತಿ ಸಮೀಪದ ಜಾಗದಿಂದ ಒಂದು ಕೋಲಳತೆಯೊಳಗೆ, ಕುಳಿಗೆ ಹತ್ತಿರವಾಗದಂತೆ ಚೆಂಡು ಬಿಡಬಹುದು. ಚಿರತೆಯ ಲೆಕ್ಕದಲ್ಲಿ ಆ ಅತಿ ಸಮೀಪದ ಜಾಗ ಸಾಂಬ್ರಾ ವಿಮಾನ ನಿಲ್ದಾಣ. 2023ರಲ್ಲಿ ಹುಬ್ಬಳ್ಳಿಗೆ ಬಂದ 1,507 ಮೀಟರಿನ ಪ್ಲಾಟ್‌ಫಾರ್ಮೂ ಅವರಿಗೆ ಸಿಗಲಿಲ್ಲ. ಏಳನೇ ಕೋಲಿಗೆ ಏಟಿಗೆ 130 ಮೀಟರಿನಂತೆ ಎಷ್ಟು ಏಟು, ಉತ್ತರ ಪೂರ್ಣಾಂಕದಲ್ಲಿರಲಿ ಎಂದು ಎಂಟನೆಯ ತರಗತಿಗೆ ಒಂದು ಲೆಕ್ಕ ಖಾಯಂ ಆಗುತ್ತಿತ್ತು. ಹನ್ನೆರಡು, ಚಹಾದವರಿಗೆ ಬಡಿಯದಿದ್ದರೆ.

ಮಾಸ್ತರ ಲೆಕ್ಕ ನಿರುತ್ತರವಾಗುತ್ತಿದ್ದದ್ದು ಒಂದೇ ಪ್ರಸಂಗದಲ್ಲಿ. 1968ರಲ್ಲಿ ಅಮೆರಿಕದ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯ ಕೊನೆಯ ದಿನ, ಏಪ್ರಿಲ್ 14. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಅಂದೇ 45 ತುಂಬಿತ್ತು. 17ನೆಯ ಕುಳಿಯನ್ನು ಮೂರು ಏಟಿನಲ್ಲಿ ಮುಗಿಸಿದ. ಪಂದ್ಯಾವಳಿಯಲ್ಲಿ ಒಬ್ಬರ ಕಾರ್ಡು ಇನ್ನೊಬ್ಬರ ಕೈಯಲ್ಲಿರುತ್ತದೆ; ಬರೆಯುತ್ತಿದ್ದ ಜೊತೆಗಾರ ಟಾಮಿ ಆರನ್ ಅಲ್ಲಿ ನಾಲ್ಕು ಎಂದು ಬರೆದ. ಡಿ ವಿಸೆಂಜೊ ನೋಡದೆ ಸಹಿ ಹಾಕಿದ. ನಿಯಮ ಹೀಗಿದೆ: ಸಹಿ ಹಾಕಿದ ಅಂಕ ನಿಜಕ್ಕಿಂತ ಕಡಿಮೆ ಇದ್ದರೆ ಪಂದ್ಯದಿಂದಲೇ ಹೊರಗೆ, ಹೆಚ್ಚಿದ್ದರೆ ಆ ಹೆಚ್ಚಿನದೇ ಖಾಯಂ. ಮೊತ್ತ ಕೂಡಿಸುವುದು ಸಮಿತಿಯ ಕೆಲಸ, ಪ್ರತಿ ಕುಳಿಯ ಅಂಕ ಆಟಗಾರನ ಹೊಣೆ. 65 ಆಗಬೇಕಿದ್ದದ್ದು 66 ಆಯಿತು, ಬಾಬ್ ಗೋಲ್ಬಿಯ ಜೊತೆ ಪ್ಲೇಆಫ್ ಆಡುವ ಅವಕಾಶ ಹೋಯಿತು. ಟೀವಿಯಲ್ಲಿ ನೋಡಿದವರಿಗೆಲ್ಲ ಮೂರೇ ಏಟು ಎಂದು ಗೊತ್ತು.

ನಿಯಮ ಸರಿ ಎನ್ನುವುದು ಮಾಸ್ತರ ಪಕ್ಷ: ಸಹಿ ಅಂದರೆ ಸಹಿ. ಅಕ್ಕೋರು ಎಸ್ಸೆಸ್ಸೆಲ್ಸಿ ಪೇಪರು ಮರುಎಣಿಕೆಯಲ್ಲಿ ಹುಡುಗರಿಗೆ ನ್ಯಾಯ ಸಿಕ್ಕಿದ್ದನ್ನು ಕಂಡವರು. ‘ಕೂಡಸೂದು ತಪ್ಪಿದ್ರ ಬೋರ್ಡಿನವರು ತಿದ್ದಿ ಕೊಡ್ತಾರ. ಬರದಾಂವ ಒಬ್ಬಾಂವ, ತಪ್ಪು ಮಾಡಿದಾಂವ ಇನ್ನೊಬ್ಬಾಂವ. ಊರ ಮಂದಿ ಎಲ್ಲಾ ಮೂರು ಅಂತ ನೋಡ್ಯಾರ, ನಾಕು ಅಂತ ಹೆಂಗ ಖಾಯಂ ಮಾಡ್ತೀರಿ?’ ಎಂದು ಅವರು ಕೇಳಿದರೆ ಮಾಸ್ತರು ನಿಯಮ ಪುಸ್ತಕದ ಪುಟ ತಿರುವುತ್ತಿದ್ದರು.

‘ಸಹಿ ಮಾಡೂ ಮುಂದ ನೋಡಬೇಕಿತ್ತು.’

‘ನೀವು ರೇಷನ್ ಕಾರ್ಡಿಗೆ ನೋಡಿ ಸಹಿ ಮಾಡೀರೇನು?’

‘ನೀ ಚಹಾ ಇಡು.’